ಹೊಳ್ಳಾ ಮಳ್ಳಾ ಬರೂ ಯೂರಿಯಾ ಲೈಟ್: 2018ರ ಹತ್ತು ಗಾಲಿ ಗಾಡಿ, ಯಾರರ ದಾರಿ ಹೇಳ್ರಿ

ಹತ್ತುಗಾಲಿ ಹುಬ್ಬಳ್ಳಿ
ಎಲ್ಲಾರಿಗೂ ನಮಸ್ಕಾರ್ರಿ. ನಂದು 2018ರ ಮಾರ್ಚ್ ತಿಂಗಳದ ಬಿಎಸ್4 (ಹೊಗಿ ನಿಯಮದ ನಾಕನೇ ಹಂತ) ಹತ್ತು ಗಾಲಿ ಗಾಡಿ. ಯಾವ ಕಂಪನಿ ಅಂತ ಕೇಳಬ್ಯಾಡ್ರಿ, ಇಲ್ಲಿ ಜಗಳ ಶುರು ಆಗ್ತೈತಿ. ಮಾಲಕನೂ ನಾನ, ಡ್ರೈವರೂ ನಾನ, ಸಂಗಾಟ ಒಬ್ಬ ಕ್ಲೀನರ್ ಹುಡುಗ. ಅಮರಗೋಳ ಎಪಿಎಂಸಿ ಹಿಡದು ಎಲ್ಲೆ ಬಾಡಿಗಿ ಸಿಗ್ತೈತಿ ಅಲ್ಲೆ ಓಡಸ್ತೀನಿ. ಎಂಜಿನ್ ಬಗ್ಗೆ ಒಂದ ಮಾತಿಲ್ಲ, ಆರು ಲಕ್ಷ ಕಿಲೋಮೀಟರ್ ದಾಟೇತಿ, ಇನ್ನೂ ಹೆಡ್ ಬಿಚ್ಚಿಲ್ಲ. ತ್ರಾಸ ಎಲ್ಲಾ ಸೈಲೆನ್ಸರ್ ಕಡಿಂದನ. ಹೊಗಿ ಸ್ವಚ್ಛ ಮಾಡಾಕ ಅಲ್ಲೆ ಯೂರಿಯಾ ನೀರು, ಅಂದ್ರ ಆಡ್‌ಬ್ಲೂ, ಸಿಂಪಡಸೂ ಸಿಸ್ಟಮ್ ಐತಿ.

ಒಂದೂವರಿ ವರ್ಷಾತು, ಮೀಟರ್‌ನ್ಯಾಗ ಹಳದಿ ಲೈಟ್ ಬರ್ತೈತಿ, ಹೋಗ್ತೈತಿ. ಸರ್ವಿಸ್ ಸೆಂಟರ್‌ನ್ಯಾಗ ಲ್ಯಾಪ್‌ಟಾಪ್ ಹಚ್ಚಿ ಹಿಂದಿನ ನಾಕ್ಸ್ ಸೆನ್ಸಾರ್ (ಹೊಗಿಯೊಳಗಿನ ಕೆಟ್ಟ ಗಾಳಿ ಅಳಿಯೂದು) ಹೋಗೇತಿ ಅಂದ್ರು. ₹21,000 ಕೊಟ್ಟು ಹಾಕಿಸಿದೆ. ನಾಕು ತಿಂಗಳಿಗೆ ಹೊಳ್ಳಿ ಅದ ಲೈಟ್. ಈ ಸಲ ಬ್ಯಾರೆ ಗ್ಯಾರೇಜಿಗೆ ಹೋದೆ, ಅವನೂ ಸೆನ್ಸಾರ್ ಅಂದ. ಮತ್ತೊಂದು ಹಾಕಿಸಿದೆ. ಆರ ವಾರ ಸುಮ್ಮನಿತ್ತು.

ಹ್ವಾದ ವಾರ ಮಂಗಳೂರಿಂದ ಗದಗಕ್ಕ ಗೊಬ್ಬರ ತುಂಬಿದ್ದೆ. ಅಂಕೋಲಾ ದಾಟಿ ರಾಮನಗುಳಿಯೊಳಗ ಚಹಾಕ್ಕ ನಿಂತ್ವಿ. ಚಹಾ ಕುಡದು ಹೊಳ್ಳಿ ಸ್ಟಾರ್ಟ್ ಮಾಡಿ ಅರಬೈಲ್ ಘಾಟ್ ಹತ್ತಾಕ ಹೋದ್ರ ಗಾಡಿ ಎಳೀವಲ್ದು! ಅಲ್ಲೀತನಾ ಚೊಲೋ ಬಂದಿತ್ತು. ಎರಡನೇ ಗೇರ್‌ನ್ಯಾಗ ತೆವಳಕೋತ ಹೋಗಾಕತ್ತೇನಿ, ಹಿಂದ ಬಸ್ಸು, ಟ್ಯಾಂಕರ್, ಕಾರು ಮೈಲುದ್ದ ಸಾಲ. ಬೈಗಳ ತಿಂದಿದ್ದು ಹೇಳಬಾರದು. ಮ್ಯಾಲ 16 ಟನ್ ಯೂರಿಯಾ ಹೇರೇನಿ, ಕೆಳಗ ಯೂರಿಯಾ ಸರಿ ಇಲ್ಲ ಅಂತ ಗಾಡಿ ಮುನಸ್ಕೊಂಡೈತಿ. ನಗಬೇಕೋ ಅಳಬೇಕೋ ಹೇಳ್ರಿ.

ಎಂಟು ವರ್ಷ ತುಂಬಿದ್ದಕ್ಕ ಇನ್ನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷಾ ಮಾಡಿಸಬೇಕು. ಒಬ್ಬ ಮಿಸ್ತ್ರಿ ₹15,000 ಕೊಟ್ರ ಯೂರಿಯಾ ಸಿಸ್ಟಮ್ಮ ಬಂದ್ ಮಾಡಿ ಕೊಡ್ತೀನಿ ಅಂತಾನ. ಏನ್ ಮಾಡ್ಲಿ?

ಹಳೇ 1613
ನಮ್ಮ ಹಳೇ ಟಾಟಾ 1613 ಲಾರಿಗೆ ಎರಡು ಪಾನಾ, ಒಂದು ಸುತ್ತಿಗಿ, ಒಂದ ತುಕಡಿ ತಂತಿ ಇದ್ರ ದಿಲ್ಲಿ ಮುಟ್ಟಿ ಬರ್ತಿದ್ವಿ. ಈಗಿನ ಗಾಡಿಗೆ ಲ್ಯಾಪ್‌ಟಾಪ್ ಇಲ್ದ ಕೆಮ್ಮು ಸುದ್ದಾ ಬರೂದಿಲ್ಲ.

ಗಬ್ಬೂರ ಬೈಪಾಸ್
ಕಿತ್ತ ಒಗಸ್ರಿ ಅಣ್ಣಾರ. ನಮ್ಮ ಎರಡೂ ಗಾಡಿಗೆ ಬಂದ್ ಮಾಡಿಸಿ ಎರಡು ವರ್ಷಾತು. ಸಣ್ಣ ಡಬ್ಬಿ ಒಂದು ಹಾಕ್ತಾರ, ಎಲ್ಲಾ ಸರಿ ಐತಿ ಅಂತ ಅದು ಎಂಜಿನ್ನಿಗೆ ಸುಳ್ಳ ಹೇಳ್ತೈತಿ. ಯೂರಿಯಾ ಖರ್ಚಿಲ್ಲ, ಸೆನ್ಸಾರ್ ಖರ್ಚಿಲ್ಲ. ಎಮಿಷನ್ ಟೆಸ್ಟ್‌ನ್ಯಾಗೂ ಪಾಸ್ ಆಗ್ಯಾವ, ಸರ್ಟಿಫಿಕೇಟ್ ಐತಿ.

ಸೆನ್ಸಾರ್ ಕಾಕಾ
ತಡೀರಿ ತಡೀರಿ, ಕೀಳೂದು ಆಮ್ಯಾಲ. ಹುಬ್ಬಳ್ಯಾಗ 22 ವರ್ಷದಿಂದ ಲಾರಿ ವೈರಿಂಗ್ ಮಾಡಕೋತ ಬಂದೇನಿ, ಮೊದಲ ನಾಕು ಮಾತು ಹೇಳ್ರಿ. ಲ್ಯಾಪ್‌ಟಾಪ್ ತೋರಿಸಿದ ತಪ್ಪಿನ ಕೋಡ್ ಯಾವುದು? ಆಡ್‌ಬ್ಲೂ ಎಲ್ಲೆ ತುಂಬಸ್ತೀರಿ? ನೂರ ಲೀಟರ್ ಡೀಸೆಲ್ಲಿಗೆ ಎಷ್ಟು ಆಡ್‌ಬ್ಲೂ ಹೋಗಾಕತ್ತೈತಿ? ಗಾಡಿ ನಿಲ್ಲಿಸಿದ ಮ್ಯಾಲ ಬ್ಯಾಟರಿ ಮೇನ್ ಸ್ವಿಚ್ ಯಾರು ತೆಗೀತಾರ, ಯಾವಾಗ ತೆಗೀತಾರ?

ಕಡೀ ಪ್ರಶ್ನಿ ನೋಡಿ ನಗಬ್ಯಾಡ್ರಿ.

ಹತ್ತುಗಾಲಿ ಹುಬ್ಬಳ್ಳಿ
ಕಾಕಾ, ಕೋಡ್ ಪಿ20ಇಇ ಅಂತ ಚೀಟ್ಯಾಗ ಬರದು ಕೊಟ್ಟಾರ. ಆಡ್‌ಬ್ಲೂ ಪೆಟ್ರೋಲ್ ಬಂಕಿನ್ಯಾಗ ಬಕೆಟ್ ಸಿಕ್ರ ಬಕೆಟ್, ಇಲ್ಲಂದ್ರ ಹೈವೇ ಬಾಜು ಅಂಗಡ್ಯಾಗ ಬಿಡಿ. ಎಷ್ಟು ಹೋಗ್ತೈತಿ ಅಂತ ಲೆಕ್ಕ ಇಟ್ಟಿಲ್ರಿ. ಮೇನ್ ಸ್ವಿಚ್ ಹುಡುಗ ತೆಗೀತಾನ.

ಧಾರವಾಡ ಫೇಡೆ
ನಾ ಡಿಪ್ಲೊಮಾ ಹುಡುಗ್ರಿಗೆ ಆಟೋಮೊಬೈಲ್ ಕಲಸ್ತೀನಿ. ಪಿ20ಇಇ ಅಂದ್ರ ಸೆನ್ಸಾರ್ ಕೆಟ್ಟದ ಅಂತ ಅರ್ಥ ಅಲ್ಲ. ಎಸ್‌ಸಿಆರ್, ಅಂದ್ರ ಆಡ್‌ಬ್ಲೂ ಸಿಂಪಡಿಸಿ ಹೊಗಿ ಸ್ವಚ್ಛ ಮಾಡೂ ಸಿಸ್ಟಮ್, ತನ್ನ ಕೆಲಸ ಬೇಕಾದಷ್ಟು ಮಾಡವಲ್ದು ಅಂತ ಅರ್ಥ. ಹಿಂದಿನ ಸೆನ್ಸಾರ್ ಬಂದು ಚಾಡಿ ಹೇಳ್ಯದ ಅಷ್ಟ. ಚಾಡಿ ಹೇಳಿದವನ್ನ ಎರಡು ಸಲ ಬದಲಿಸೀರಿ ನೀವು.

ಒಳಗ ನಡೆಯೂದು ಏನಂದ್ರ, ಸಿಲಿಂಡರ್‌ನ್ಯಾಗ ಬೆಂಕಿ ಭಾಳ ಕಾದಾಗ ಗಾಳ್ಯಾಗಿನ ನೈಟ್ರೋಜನ್ನು ಆಮ್ಲಜನಕಾ ಕೂಡಿ ನೈಟ್ರೋಜನ್ ಆಕ್ಸೈಡ್ ಆಗ್ತದ. ಅದನ್ನ ನಾವು ನಾಕ್ಸ್ ಅಂತೀವಿ. ಬಿಸಿ ಹೊಗಿಯೊಳಗ ಆಡ್‌ಬ್ಲೂ ಸಿಂಪಡಿಸಿದ್ರ ಯೂರಿಯಾ ಒಡದು ಅಮೋನಿಯಾ ಆಗ್ತದ, ಅಮೋನಿಯಾ ಸೈಲೆನ್ಸರ್ ಒಳಗಿನ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡೂ ವಸ್ತು) ಮ್ಯಾಲ ನಾಕ್ಸ್ ಹಿಡದು ಹೊಳ್ಳಿ ನೈಟ್ರೋಜನ್ನು ನೀರು ಮಾಡ್ತದ. ಹೊಗಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮ್ಯಾಲ ಇದ್ರನ ಇದು ಸರಿಯಾಗಿ ನಡೀತದ. ತಂಪಿದ್ರ ಯೂರಿಯಾ ಪೂರ್ತಿ ಒಡೆಯೂದಿಲ್ಲ, ಬೆಳ್ಳಗ ಕಲ್ಲುಸಕ್ಕರಿ ಹಂಗ ಪೈಪಿಗೆ ಅಂಟ್ಕೋತದ.

ರಾಮನಗುಳಿ ಮಟಾ ಚೊಲೋ ಬಂದು ಚಹಾ ಕುಡದ ಮ್ಯಾಲ ಎಳೀಲಿಲ್ಲ ಅಂದ್ರಲ್ಲ, ಅದನ್ನ ಕಂಪನಿಯವ್ರು ಬೇಕಂತನ ಹಂಗ ಮಾಡ್ಯಾರ. ಓಡೂ ಗಾಡಿ ನಡು ದಾರ್ಯಾಗ ಒಮ್ಮೆಲೆ ಸೊರಗಿದ್ರ ಅಪಘಾತ ಆಗ್ತದಂತ, ತಪ್ಪು ಸಿಕ್ಕ ಮ್ಯಾಲ ಗಾಡಿ ಮೊದಲನೇ ಸಲ ನಿಂತಾಗ ಎಂಜಿನ್ ಜೋರು ಇಳಸ್ತದ. ನೀವು ಚಹಾಕ್ಕ ನಿಂತಿದ್ದ ತಪ್ಪಾತು ನೋಡ್ರಿ.

ಹತ್ತುಗಾಲಿ ಹುಬ್ಬಳ್ಳಿ
ಅಯ್ಯ ಇದು ಯಾರೂ ಹೇಳಿದ್ದಿಲ್ರಿ ಸರ್! ಚಹಾದಾಗ ಏನರ ಬಿದ್ದಿತ್ತೇನೋ ಅಂತ ನಾ ಹುಡುಗಗ ಚಾಷ್ಟಿ ಮಾಡಿದ್ದೆ.

ಅಂಕೋಲಾ ಕಡಲು
ಮಾರಾಯ್ರೆ, ನಮ್ಮ ಬದಿಯ ಚಹಾಕ್ಕೆ ಹೆಸರು ಇಡಬೇಡಿ. ಅರಬೈಲಿನಲ್ಲಿ ದಿನಾ ಒಂದಾದರೂ ಗಾಡಿ ಹೀಗೆ ಏದುಸಿರು ಬಿಡ್ತಾ ಇರ್ತದೆ. ಮಳೆಗಾಲದಲ್ಲಿ ಬನ್ನಿ, ತಿರುವಿನಲ್ಲಿ ಲಾರಿ ಸಿಕ್ಕಿ ಬಿದ್ದರೆ ನಾವು ಮನೆ ಮುಟ್ಟುವುದು ಮರುದಿನ.

ಮುಂಡರಗಿ ಮಾವ
ಇಷ್ಟ್ಯಾಕ ತೆಲಿ ಕೆಡಸ್ಕೋತೀರೋ ತಮ್ಮಗೋಳ್ರಾ. ಹೊಲಕ್ಕ ಹಾಕೂ ಯೂರಿಯಾ ಚೀಲ ₹266.50. ನೀರಿಗೆ ಕಲಸಿ ಅರಬಿಯೊಳಗ ಸೋಸಿ ಹಾಕಿದ್ರ ಮುಗೀತು. ನಮ್ಮೂರಾಗ ನಾಕು ಗಾಡಿಗೆ ಇದ ಹಾಕ್ತಾರ.

ರಾಣೆಬೆನ್ನೂರ ಟ್ರಾನ್ಸ್‌ಪೋರ್ಟ್
ಮಾವಾರ, ಆ ನಾಕು ಗಾಡಿ ಈಗ ಓಡತಾವೋ ಅಥವಾ ಗಿಡದ ಕೆಳಗ ನಿಂತಾವೋ ಖರೇ ಹೇಳ್ರಿ.

ಮುಂಡರಗಿ ಮಾವ
ಒಂದು ನಿಂತೈತಿ. ಅದು ಕ್ಲಚ್ಚಿಗೆ ನಿಂತಿದ್ದು.

ಧಾರವಾಡ ಫೇಡೆ
ಮಾವಾರ, ಹೊಲದ ಯೂರಿಯಾಕ್ಕ ಬೇವಿನೆಣ್ಣಿ ಲೇಪನ ಇರ್ತದ. 2015ರಿಂದ ನಮ್ಮ ದೇಶದಾಗ ತಯಾರಾಗೂ ಸಬ್ಸಿಡಿ ಯೂರಿಯಾಕ್ಕೆಲ್ಲಾ ಬೇವು ಹಚ್ಚೂದು ಕಡ್ಡಾಯ ಆಗ್ಯದ. ಆ ಎಣ್ಣಿ ಅರಬ್ಯಾಗ ಸೋಸಿದ್ರ ಹೋಗೂದಿಲ್ಲ. ಎರಡನೇದ್ದು ನೀರು. ನಿಮ್ಮ ಬೋರಿನ ನೀರು ಕಾಸಿದ ಚಹಾ ಪಾತ್ರಿ ತಳಾ ನೋಡ್ರಿ, ಬೆಳ್ಳನ ಪದರ ಕೂತಿರ್ತದ. ಅದ ಪದರ ಆಡ್‌ಬ್ಲೂ ಸಿಂಪಡಸೂ ನಾಜಲ್ ತೂತಿನ್ಯಾಗೂ ಕೂಡ್ತದ. ಆಡ್‌ಬ್ಲೂ ಅಂದ್ರ ನೂರರಾಗ ಶುದ್ಧ ಯೂರಿಯಾ 32.5 ಪಾಲು, ಉಳದದ್ದು ಖನಿಜ ತೆಗದ ನೀರು. ಮತ್ತ ರೈತರ ಸಬ್ಸಿಡಿ ಯೂರಿಯಾ ಬ್ಯಾರೆ ಕೆಲಸಕ್ಕ ಬಳಸೂದು ಅಪರಾಧ, ಕೇಸ್ ಆಗ್ತದ.

ಮುಂಡರಗಿ ಮಾವ
ಆತು ಬಿಡ್ರಿ ಮಾಸ್ತರ, ನಾ ಹೊಲಕ್ಕ ಹಾಕ್ತೀನಿ. ಅಲ್ಲೂ ಈ ಸಲ ಮಳಿ ಇಲ್ಲ.

ರಾಣೆಬೆನ್ನೂರ ಟ್ರಾನ್ಸ್‌ಪೋರ್ಟ್
ನಮ್ಮವು ಎಂಟು ಗಾಡಿ ಅದಾವ, ಐದು ಬಿಎಸ್4, ಮೂರು ಬಿಎಸ್6. ಆಡ್‌ಬ್ಲೂದಾಗ ನಾ ಕೈ ಸುಟ್ಟುಕೊಂಡ ಮ್ಯಾಲನ ಕಲತಿದ್ದು. ಹೈವೇ ಬಾಜು ಒಂದ ಅಂಗಡ್ಯಾಗ ಬಕೆಟ್ಟಿಗೆ ₹300 ಕಡಿಮಿ ಅಂತ ಇಪ್ಪತ್ತು ಬಕೆಟ್ ತಂದು ಗೋಡೌನಿನ್ಯಾಗ ಇಟ್ಟೆ. ಒಂದ ತಿಂಗಳಾಗ ಮೂರು ಗಾಡಿಗೆ ಲೈಟ್ ಬಂತು. ಆಮ್ಯಾಲ ಒಬ್ಬ ಇಂಜಿನಿಯರ್ ಹುಡುಗ ರಿಫ್ರಾಕ್ಟೋಮೀಟರ್ ಅಂತ ಬೆರಳುದ್ದದ ದುರ್ಬೀನು ತಂದ. ಗಾಜಿನ ಮ್ಯಾಲ ಎರಡು ಹನಿ ಬಿಟ್ಟು ಬೆಳಕಿಗೆ ಹಿಡದು ನೋಡೂದು. 32.5 ತೋರಿಸಬೇಕು, 31.8ರಿಂದ 33.2 ಒಳಗಿದ್ರ ಅಡ್ಡಿ ಇಲ್ಲ. ನನ್ನ ಬಕೆಟ್ 24 ತೋರಿಸ್ತು! ನೀರ ಹಾಕಿ ಮಾರ್ಯಾನ ಹಾಲಿನಾಂವನಂಗ.

ಇದಕ್ಕೂ ಒಂದು ಮಿತಿ ಐತಿ. ಯೂರಿಯಾ ಎಷ್ಟೈತಿ ಅಂತ ಹೇಳ್ತೈತಿ, ಹೊಲಸು ಐತೋ ಇಲ್ಲೋ ಹೇಳೂದಿಲ್ಲ. ಅದಕ್ಕ ಮುಚ್ಚಳ ಸೀಲ್ ಇದ್ದ ಬಕೆಟ್ ಬಿಟ್ಟು ಬಿಡಿ ನಾ ಮುಟ್ಟೂದಿಲ್ಲ. ಬಕೆಟ್ ಬಿಸಿಲಿಗೆ ಇಡಬ್ಯಾಡ್ರಿ, ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಜಲ್ದಿ ಕೆಡ್ತೈತಿ.

ಇನ್ನೊಂದು, ಹತ್ತುಗಾಲಿ ಅಣ್ಣಾರ, ಲೆಕ್ಕ ಬರದಿಡ್ರಿ. ನಮ್ಮ ಬಿಎಸ್4 ಗಾಡ್ಯಾಗ ನೂರ ಲೀಟರ್ ಡೀಸೆಲ್ಲಿಗೆ ನಾಕರ ಆಜುಬಾಜು ಆಡ್‌ಬ್ಲೂ ಹೋಗ್ತೈತಿ. ಎರಡಕ್ಕ ಇಳೀತಂದ್ರ ನಾಜಲ್ ಕಟ್ಟಾಕತ್ತೈತಿ ಅಂತ ನಂಗ ಲೈಟ್ ಬರೂಕಿನ ಮುಂಚೇನ ಗೊತ್ತಾಗ್ತೈತಿ. ಕಡಿಮಿ ಹೋಗಾಕತ್ತೈತಿ ಅಂತ ಖುಷಿ ಪಡೂದಲ್ಲ.

ಲಕ್ಷ್ಮೇಶ್ವರ ಹುಡುಗ
ನಮ್ಮ ಮಾಮಾ ಡೀಸೆಲ್ ಹಾಕಿದ ಲಾಳಿಕೆಲೇನ ಆಡ್‌ಬ್ಲೂ ಹಾಕಿದ್ದ. ಪಂಪಿನ ರಬ್ಬರ್ ಎಲ್ಲಾ ಉಬ್ಬಿ ಹೋಗಿತ್ತು. ₹38,000 ಬಿತ್ತು. ಲಾಳಿಕೆ ₹40.

ಸೆನ್ಸಾರ್ ಕಾಕಾ
ಅದಕ್ಕ ಆಡ್‌ಬ್ಲೂಕ್ಕ ಬ್ಯಾರೆ ಪ್ಲಾಸ್ಟಿಕ್ ಲಾಳಿಕೆ ಇಡ್ರಿ, ಯಾರ ಕೈಗೂ ಕೊಡಬ್ಯಾಡ್ರಿ. ತಾಮ್ರ, ಹಿತ್ತಾಳಿ, ತಗಡಿನ ಡಬ್ಬಿ ಮುಟ್ಟಿಸಬ್ಯಾಡ್ರಿ, ಅವನ್ನ ಆಡ್‌ಬ್ಲೂ ತಿಂತೈತಿ. ತಿಂದದ್ದು ಕ್ಯಾಟಲಿಸ್ಟಿಗೆ ಹೋಗಿ ಕೂಡ್ತೈತಿ.

ಗಬ್ಬೂರ ಬೈಪಾಸ್
ನೋಡ್ರಿ, ಲಾಳಿಕೆ ಬ್ಯಾರೆ, ದುರ್ಬೀನು ಬ್ಯಾರೆ, ಲೆಕ್ಕದ ಪುಸ್ತಕ ಬ್ಯಾರೆ. ಲಾರಿ ಓಡಸ್ತೀರೋ ಲ್ಯಾಬ್ ನಡಸ್ತೀರೋ? ನಂದು ಎರಡು ವರ್ಷದಿಂದ ಒಂದ ಲೈಟಿಲ್ಲ. ಹೊಗಿ ನೋಡ್ರಿ ಬೇಕಾದ್ರ, ಕರಿ ಒಂದ ಎಳಿ ಬರೂದಿಲ್ಲ. ಕ್ಲೀನ್.

ಧಾರವಾಡ ಫೇಡೆ
ಕರಿ ಹೊಗಿ ಬರೂದಿಲ್ಲ, ಖರೇ. ಎಸ್‌ಸಿಆರ್ ಇರೂ ಎಂಜಿನ್ನನ್ನ ಮಸಿ ಕಡಿಮಿ, ನಾಕ್ಸ್ ಹೆಚ್ಚು ಬರೂ ಹಂಗ ಹೊಂದಿಸಿರ್ತಾರ, ಯಾಕಂದ್ರ ನಾಕ್ಸ್ ನೋಡ್ಕೊಳ್ಳಾಕ ಹಿಂದ ಒಬ್ಬಾಂವ ಕೂತಾನ. ನೀವು ಆ ಹಿಂದಿನಾಂವನ್ನ ಮನೀಗೆ ಕಳಿಸೀರಿ. ಎಮಿಷನ್ ಟೆಸ್ಟ್‌ನ್ಯಾಗ ಡೀಸೆಲ್ ಗಾಡಿಗೆ ಎಕ್ಸಲೇಟರ್ ಒತ್ತಿ ಹೊಗಿ ಎಷ್ಟು ದಟ್ಟ ಐತಿ ಅಂತ ಬೆಳಕು ಬಿಟ್ಟು ನೋಡ್ತಾರ, ಅಷ್ಟ. ಬಿಎಸ್4 ಗಾಡಿಗೆ 50 ಹಾರ್ಟ್ರಿಜ್ (ಹೊಗಿ ದಟ್ಟಣಿಯ ಅಳತಿ) ಮಿತಿ, ಹಳೇ ಗಾಡಿಗೆ 65. ನಾಕ್ಸ್ ಅಳಿಯೂದ ಇಲ್ಲ. ನಿಮ್ಮ ಸರ್ಟಿಫಿಕೇಟ್ ಸುಳ್ಳಲ್ಲ, ಆದ್ರ ಅದು ಈ ಪ್ರಶ್ನಿಗೆ ಉತ್ತರಾನೂ ಅಲ್ಲ.

ಗಬ್ಬೂರ ಬೈಪಾಸ್
ಸರ್ಕಾರ ಅಳೀದಿದ್ದನ್ನ ನಾ ಯಾಕ ಅಳೀಲಿ?

ರಾಣೆಬೆನ್ನೂರ ಟ್ರಾನ್ಸ್‌ಪೋರ್ಟ್
ಮೋಟಾರು ವಾಹನ ಕಾಯ್ದೆ 190(2) ಓದ್ರಿ. 2019ರ ತಿದ್ದುಪಡಿ ಆದ ಮ್ಯಾಲ ಮಾಲಿನ್ಯದ ಮಿತಿ ಮೀರಿದ್ರ ₹10,000 ತನಕ ದಂಡ, ಮೂರು ತಿಂಗಳ ಜೈಲು ತನಕ ಹೋಗಬಹುದು, ಲೈಸೆನ್ಸ್ ಮೂರು ತಿಂಗಳು ಕಟ್. ಗಾಡಿ ಮಾರ್ಪಾಡು ಮಾಡಿದ್ದಕ್ಕ 182ಎ(4) ಬ್ಯಾರೆ. ಹಿಡೀತಾರೋ ಬಿಡ್ತಾರೋ ಅದು ನಿಮ್ಮ ನಸೀಬ. ನಾ ಎಂಟು ಗಾಡಿ ಮಾಲಕ, ನಸೀಬದ ಮ್ಯಾಲ ಧಂದೆ ಮಾಡಾಕ ಆಗೂದಿಲ್ಲ.

ಗೋಕುಲರೋಡ್ ಅಕ್ಕ
ನಾನು ಲಾರಿಯವಳಲ್ಲ, ನಮ್ಮವರ ಲಾಗಿನ್‌ನಿಂದ ಬರೆಯುತ್ತಿದ್ದೇನೆ. ಗಬ್ಬೂರಣ್ಣ, ಕಾಣದಿದ್ದರೆ ಇಲ್ಲ ಅಂತ ಅಲ್ಲ. ಹುಬ್ಬಳ್ಳಿ-ಧಾರವಾಡ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ, ಅಂದರೆ ಗಾಳಿ ಮಾನದಂಡ ಮುಟ್ಟದ ಊರು. ಕರ್ನಾಟಕದಲ್ಲಿ ಅಂಥವು ನಾಲ್ಕೇ: ಬೆಂಗಳೂರು, ದಾವಣಗೆರೆ, ಕಲಬುರಗಿ, ನಾವು. ನನ್ನ ಮಗಳು ಚಳಿಗಾಲ ಪೂರ್ತಿ ಇನ್‌ಹೇಲರ್ ಹಿಡಿದೇ ಶಾಲೆಗೆ ಹೋಗುತ್ತಾಳೆ.

ಗಬ್ಬೂರ ಬೈಪಾಸ್
ಅಕ್ಕಾರ, ನಮ್ಮೂರಾಗ ಇರೂದು ಧೂಳು. ರಸ್ತೆ ಅಗದು ಅಗದು ಬಿಟ್ಟಾರ. ಲಾರಿಯಾಂವ ಬಡವ, ಅವನ ಮ್ಯಾಲ ಹಾಕೂದು ಸಲೀಸು.

ಗೋಕುಲರೋಡ್ ಅಕ್ಕ
ಧೂಳು ಹೌದು, ಒಪ್ಪುತ್ತೇನೆ. ನಮ್ಮಲ್ಲಿ ಮುಖ್ಯ ತಕರಾರು ಧೂಳಿನದ್ದೇ. ಆದರೆ ಧೂಳಿಗೆ ನಾನು ಕಿಟಕಿ ಮುಚ್ಚಬಹುದು, ಬಟ್ಟೆ ಒದ್ದೆ ಮಾಡಿ ಒರೆಸಬಹುದು. ನಿಮ್ಮ ನಾಕ್ಸ್ ಒರೆಸುವುದು ಹೇಗೆ ಹೇಳಿ?

ಹಳೇ 1613
ಅಕ್ಕಾರ ಮಾತಿಗೆ ಉತ್ತರ ಇಲ್ಲ.

ಬ್ಯಾಡಗಿ ಕೆಂಪು
ನಾ ಮೆಣಸಿನಕಾಯಿ ಬಾಡಿಗಿ ಓಡಸೂದು. ಜನವರಿಯಿಂದ ಮಾರ್ಚ್ ತನಕ ಸೀಸನ್, ಸೋಮವಾರ ಗುರುವಾರ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಗಾಡಿ ಇಡಾಕ ಜಾಗ ಇರೂದಿಲ್ಲ. ಸಾಲಿನ್ಯಾಗ ಹತ್ತು ಮೀಟರ್ ಸರಸಾಕ ಅಂತ ಗಾಡಿ ತಾಸಗಟ್ಟಲೆ ಚಾಲೂ ಇಡ್ತಿದ್ದೆ. ಮೆಣಸಿನಕಾಯಿ ಚೀಲ ಜಾಗ ತಿಂತಾವ, ತೂಕಿಲ್ಲ. ಗಾಡಿ ಮೈ ಬಿಸಿನ ಆಗೂದಿಲ್ಲ. ಪ್ರತಿ ಸೀಸನ್ ಮುಗಿಯೂದರಾಗ ಲೈಟ್ ಗ್ಯಾರಂಟಿ. ಮಾಸ್ತರು ಹೇಳಿದ 200 ಡಿಗ್ರಿ ಮಾತು ಓದಿದ ಮ್ಯಾಲ ಈಗ ತಿಳೀತು. ಬೆಲ್ಲದ ಲೋಡ್, ಸಿಮೆಂಟ್ ಲೋಡ್ ಹೊಡದಾಗ ಎಂದೂ ಬಂದಿಲ್ಲ ನೋಡ್ರಿ.

ಇನ್ನೊಂದು ಕಾರಣ ಇಲಿ. ಮಾರ್ಕೆಟ್ಟಿನ್ಯಾಗ ರಾತ್ರಿ ನಿಂತ ಗಾಡ್ಯಾಗ ಇಲಿ ಹೊಕ್ಕು ಸೆನ್ಸಾರ್ ವೈರ್ ಕಡದಿತ್ತು. ಮೆಣಸಿನಕಾಯಿ ತಿಂದು ಬಾಯಿ ಉರದು ವೈರಿಗೆ ಬಂದಿರಬೇಕು.

ಲಕ್ಷ್ಮೇಶ್ವರ ಹುಡುಗ
ಬ್ಯಾಡಗಿ ಮೆಣಸಿನಕಾಯಿ ಎಲ್ಲೆ ಖಾರ ಐತ್ರಿ? ಬಣ್ಣ ಅಷ್ಟ. ಇಲಿಗೆ ಏನೂ ಆಗಿರೂದಿಲ್ಲ.

ಬ್ಯಾಡಗಿ ಕೆಂಪು
ತಮ್ಮಾ, ಕಡ್ಡಿ ಬ್ಯಾಡಗಿ ಹಾಕಿದ ಒಂದು ತಾಟು ಮಂಡಕ್ಕಿ ತಿಂದು ಆಮ್ಯಾಲ ಮಾತಾಡು.

ಹಳೇ 1613
ಮಂಡಕ್ಕಿ ಮಾತು ಬಂತಲ್ಲ, ಹುಬ್ಬಳ್ಯಾಗ ರಾತ್ರಿ ಹನ್ನೆರಡಕ್ಕ ಗಿರ್ಮಿಟ್ ಮಿರ್ಚಿ ಸಿಗೂ ಜಾಗ ಈಗ ಯಾವುದೈತಿ? ಮೊದಲಿನ ಗಾಡಿ ತೆಗದಾರ.

ನಿರ್ವಾಹಕ
ಹಿರಿಯರೇ, ಗಿರ್ಮಿಟ್‌ಗೆ ಬೇರೆ ಥ್ರೆಡ್ ಇದೆ. ಅಲ್ಲಿ ಈಗಾಗಲೇ 214 ಉತ್ತರ ಇವೆ.

ಸೆನ್ಸಾರ್ ಕಾಕಾ
ಹತ್ತುಗಾಲಿ ತಮ್ಮಾ, ನನ್ನ ಕಡೀ ಪ್ರಶ್ನಿಗೆ ನೀ ಅರ್ಧ ಉತ್ತರ ಕೊಟ್ಟಿ. ಮೇನ್ ಸ್ವಿಚ್ ಹುಡುಗ ತೆಗೀತಾನ, ಸರಿ. ಯಾವಾಗ ತೆಗೀತಾನ?

ಹತ್ತುಗಾಲಿ ಹುಬ್ಬಳ್ಳಿ
ಎಂಜಿನ್ ಬಂದ್ ಮಾಡಿದ ಕೂಡ್ಲೆ ಕಾಕಾ. ನಾ ಚಾವಿ ತಿರುವೂದಕ್ಕ ಅಂವ ಟಣ್ಣಂತ ಜಿಗದು ಹೋಗಿ ತೆಗೀತಾನ. ಬ್ಯಾಟರಿ ಇಳೀಬಾರದಂತ ನಾನ ಕಲಿಸೇನಿ. ಭಾಳ ಚುರುಕು ಹುಡುಗ.

ಸೆನ್ಸಾರ್ ಕಾಕಾ
ಸಿಕ್ತು. ಆ ಚುರುಕಿನ ಸಲುವಾಗಿನ ನಿನ್ನ ₹42,000 ಹೋಗೇತಿ.

ಎಂಜಿನ್ ಬಂದ್ ಆದ ಮ್ಯಾಲ ಆಡ್‌ಬ್ಲೂ ಪಂಪ್ ಒಮ್ಮೆಲೆ ಬಂದ್ ಆಗೂದಿಲ್ಲ. ಪೈಪಿನ್ಯಾಗ, ನಾಜಲ್‌ನ್ಯಾಗ ಉಳದ ಆಡ್‌ಬ್ಲೂ ಹಿಂದಕ್ಕ ಎಳದು ಟ್ಯಾಂಕಿಗೆ ಕಳಸ್ತೈತಿ. ಗಾಡಿ ಬಂದ್ ಮಾಡಿ ಟ್ಯಾಂಕಿನ ಹಂತೇಲಿ ಕಿವಿ ಕೊಡು, ಗುಂಯ್ ಅಂತ ಸಣ್ಣ ಸದ್ದು ಬರ್ತೈತಿ. ಒಂದೆರಡು ನಿಮಿಷ, ಒಂದೊಂದು ಗಾಡ್ಯಾಗ ಅದಕ್ಕಿಂತ ಹೆಚ್ಚು. ಆ ಸದ್ದು ನಿಂತ ಮ್ಯಾಲ ಮೇನ್ ಸ್ವಿಚ್ ತೆಗೀಬೇಕು. ನಿಮ್ಮ ಹುಡುಗ ಮೊದಲ ಕರೆಂಟ್ ಕೊಯ್ದ್ರ ಆಡ್‌ಬ್ಲೂ ಅಲ್ಲೇ ಉಳೀತು. ಸೈಲೆನ್ಸರ್ ಕಾವಿಗೆ ನೀರು ಆವಿ ಆಗಿ ಹೋಗ್ತೈತಿ, ಯೂರಿಯಾ ಹರಳಾಗಿ ಕೂಡ್ತೈತಿ. ದಿನಾ ನಾಕು ಸಲ ನಿಲ್ಲಸ್ತೀರಿ, ದಿನಾ ನಾಕು ಪದರ.

1613ರ ಕಾಲದಾಗ ಮೇನ್ ಸ್ವಿಚ್ ಜಲ್ದಿ ತೆಗೆಯೂದು ಶಾಣ್ಯಾತನ ಇತ್ತು. ಈಗ ಅದ ರೂಢಿ ಗಾಡಿ ತಿನ್ನಾಕತ್ತೈತಿ. ನನ್ನ ಕಡೆ ಬರೂ ಬಿಎಸ್4 ಗಾಡ್ಯಾಗ ಭಾಳಷ್ಟು ಇದ ಕತಿ, ಆದ್ರ ಈ ಪ್ರಶ್ನಿ ಯಾರೂ ಕೇಳೂದಿಲ್ಲ, ಯಾಕಂದ್ರ ಲ್ಯಾಪ್‌ಟಾಪಿನ್ಯಾಗ ಅದು ಕಾಣೂದಿಲ್ಲ.

ಈಗ ಹಿಂಗ ಮಾಡು. ನಾಜಲ್ ಬಿಚ್ಚಿಸು. ಬಿಸಿ ಡಿಸ್ಟಿಲ್ಡ್ ವಾಟರ್‌ನ್ಯಾಗ ನೆನಿ ಹಾಕು, ಸೂಜಿ ತಂತಿ ಚುಚ್ಚಬ್ಯಾಡ, ತೂತು ಹಿಗ್ಗಿದ್ರ ಸಿಂಪಡಿಕಿ ಕೆಡ್ತೈತಿ. ನಾಜಲ್ ಕೂಡೂ ಪೈಪಿನೊಳಗ ಟಾರ್ಚ್ ಬಿಟ್ಟು ನೋಡು. ಸೈಲೆನ್ಸರ್ ಮುಂದಿನ ಜಾಳಿಗಿ ಪೈಪು ಒಡದೈತೇನು ನೋಡು, ಒಡದ್ರ ಹೊರಗಿನ ಗಾಳಿ ಕೂಡಿ ಸೆನ್ಸಾರ್ ತಪ್ಪು ಓದ್ತೈತಿ. ವೈರಿಂಗಿನ ಅನುಮಾನ ಇದ್ರ ಬ್ಯಾಟರಿ ಬಿಚ್ಚಿ ಕ್ಯಾನ್ ಲೈನಿನ (ಸೆನ್ಸಾರ್ ಸುದ್ದಿ ಎಂಜಿನ್ ಕಂಪ್ಯೂಟರ್‌ಗೆ ಒಯ್ಯೂ ಲೈನ್) ಎರಡು ವೈರ್ ನಡುವ ಮೀಟರ್ ಹಿಡಿ, 60 ಓಮ್ ಬರಬೇಕು. 120 ಬಂದ್ರ ಒಂದ ಕಡೆ ತುಂಡಾಗೇತಿ. ಇಷ್ಟು ನೋಡೂಮಟಾ ಹೊಸ ಸೆನ್ಸಾರ್‌ಗೆ ಒಂದು ರೂಪಾಯಿ ಬಿಚ್ಚಬ್ಯಾಡ.

ವಾಟರ್ ಸರ್ವಿಸ್ ಮಾಡೂ ಹುಡುಗ್ರಿಗೂ ಹೇಳು, ಬಿಸಿ ಇದ್ದಾಗ ಸೆನ್ಸಾರ್ ಮ್ಯಾಲ ನೀರ ಹೊಡೀಬಾರದು. ಒಳಗಿರೂದು ಪಿಂಗಾಣಿ, ಚರ್ ಅಂತ ಸೀಳ್ತೈತಿ.

ರಾಣೆಬೆನ್ನೂರ ಟ್ರಾನ್ಸ್‌ಪೋರ್ಟ್
ಕಾಕಾ, ಎಂಟು ಗಾಡಿ ಮಾಲಕ ನಾನು, ನನಗೂ ಸ್ವಿಚ್ಚಿನ ಮಾತು ಗೊತ್ತಿದ್ದಿಲ್ಲ. ಇವತ್ತ ಎಲ್ಲಾ ಡ್ರೈವರ್‌ಗೆ ಫೋನ್ ಮಾಡ್ತೀನಿ.

ಬ್ಯಾಡಗಿ ಕೆಂಪು
ನಾನೂ ಕೂಡ್ಲೆ ತೆಗೀತಿದ್ದೆ. ಸುಮ್ಮ ಇಲಿ ಮ್ಯಾಲ ಹಾಕಿದ್ನಿ.

ಲಕ್ಷ್ಮೇಶ್ವರ ಹುಡುಗ
ಯೂರಿಯಾ ಇಲ್ದ ಬಿಎಸ್4 ಗಾಡೀನೂ ಇದ್ದುವಲ್ರಿ? ಅವು ಚೊಲೋ ಇದ್ದುವೇನು?

ಧಾರವಾಡ ಫೇಡೆ
ಇದ್ದುವು. ಬಿಎಸ್4ನ್ಯಾಗ ಒಂದಿಷ್ಟು ಕಂಪನಿ ಎಸ್‌ಸಿಆರ್ ಹಿಡದ್ರು, ಒಂದಿಷ್ಟು ಇಜಿಆರ್. ಇಜಿಆರ್ ಅಂದ್ರ ಸುಟ್ಟ ಹೊಗಿ ಸ್ವಲ್ಪ ಹೊಳ್ಳಿ ಎಂಜಿನ್ನಿಗೇ ಉಣಸೂದು, ಬೆಂಕಿ ತಂಪಾಗಿ ನಾಕ್ಸ್ ಕಡಿಮಿ ಆಗ್ತದ. ಅದರ ರೋಗ ಬ್ಯಾರೆ: ಮಸಿ ತುಂಬೂದು, ವಾಲ್ವ್ ಸಿಗಬೀಳೂದು, ಕೂಲರ್ ಸೋರೂದು. 2020ರ ಏಪ್ರಿಲ್‌ನಿಂದ ಬಿಎಸ್6 ಬಂತು, ಮಸಿ ಹಿಡಿಯೂ ಡಿಪಿಎಫ್ ಜಾಳಗೀನೂ ಕೂಡ್ತು.

ಹತ್ತುಗಾಲಿ ಹುಬ್ಬಳ್ಳಿ
ಹತ್ತು ದಿನ ಬಿಟ್ಟು ಬರದೇನಿ, ಕ್ಷಮಿಸ್ರಿ. ಬಾಡಿಗಿ ಹತ್ತಿತ್ತು.

ತಾರಿಹಾಳ ಕಡೆ ಒಬ್ಬ ಮಿಸ್ತ್ರಿ ಹಂತೇಲಿ ನಾಜಲ್ ಬಿಚ್ಚಿಸಿದೆ. ಉಪ್ಪಿನಕಾಯಿ ಭರಣಿ ಬಾಯಿಗೆ ಉಪ್ಪು ಕಟ್ಟಿರ್ತೈತಲ್ಲ, ಹಂಗ ಸುತ್ತೂ ಕಡೆ ಬೆಳ್ಳಗ ಕಟ್ಟಿತ್ತು. ಮೂರು ತೂತಿನ್ಯಾಗ ಎರಡು ಪೂರ್ತಿ ಬಂದ್. ಪೈಪಿನೊಳಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ನಿಂಬಿಹಣ್ಣಿನಷ್ಟು ದಪ್ಪ ಸುಣ್ಣದ ಹರಳಿನಂಥಾದ್ದು ಜೋತು ಬಿದ್ದಿತ್ತು. ನಾಜಲ್ ಬಿಸಿ ನೀರಾಗ ಅರ್ಧ ತಾಸಿಗೆ ಸ್ವಚ್ಛ ಆತು, ಆದ್ರ ಪೈಪಿನ ಗಡ್ಡಿ ನೀರಿಗೆ ಕರಗಲಿಲ್ಲ, ಮಿಸ್ತ್ರಿ ಪೈಪ್ ಬಿಚ್ಚಿ ಮೆಲ್ಲಕ ಬಡದು ತೆಗದ. ಕೈಯಾಗ ಹಿಡದ್ರ ಹಗರ, ಮೂಸಿದ್ರ ಮೂತ್ರಿ ನಾತ.

ಇನ್ನ ಹೊಟ್ಟಿ ಉರಿಯೂ ಮಾತು. ಒಂದೂವರಿ ವರ್ಷದ ಹಿಂದ ತೆಗದ ಮೊದಲನೇ ಸೆನ್ಸಾರ್ ಪೇಪರ್‌ನ್ಯಾಗ ಸುತ್ತಿ ಸೀಟಿನ ಕೆಳಗ ಇಟ್ಟಿದ್ದೆ. ಮಿಸ್ತ್ರಿ ಹಾಕಿ ನೋಡೂಣು ತಾ ಅಂದ. ಹಾಕಿದ. ಸರಿ ಓದಾಕತ್ತೈತಿ. ಅದರ ಮ್ಯಾಲನ ಈಗ ಗಾಡಿ ಓಡಾಕತ್ತೈತಿ, ಹೊಸಾದು ಸೀಟಿನ ಕೆಳಗ ಮಲಗೇತಿ.

ಕೋಡ್ ಅಳಿಸಿ ಅಂಕೋಲಾಕ್ಕ ಎರಡು ಟ್ರಿಪ್ ಹೊಡದೆ. ಬೇಕಂತನ ರಾಮನಗುಳ್ಯಾಗ ನಿಂತು ಚಹಾ ಕುಡದೇನಿ. ಅರಬೈಲ್ ಮೊದಲಿನಂಗ ಹತ್ತಿತು. ಆಡ್‌ಬ್ಲೂ ಲೆಕ್ಕ ಬರಿಯಾಕತ್ತೇನಿ, ನೂರಕ್ಕ 3.8 ಬಂದೈತಿ.

ಅಂಕೋಲಾ ಕಡಲು
ನಮ್ಮ ಚಹಾ ನಿರಪರಾಧಿ ಅಂತ ಆಯ್ತಲ್ಲ, ಸಾಕು.

ಸೆನ್ಸಾರ್ ಕಾಕಾ
ಚೊಲೋ ಆತು. ಆದ್ರ ಒಂದು ತಿಂಗಳ ಬಿಟ್ಟು ಮತ್ತೊಮ್ಮೆ ನಾಜಲ್ ಬಿಚ್ಚಿ ನೋಡಸು. ಕ್ಯಾಟಲಿಸ್ಟ್ ಒಳಗ ಎಷ್ಟು ಕೂತೈತಿ ಹೊರಗಿಂದ ಗೊತ್ತಾಗೂದಿಲ್ಲ. ಲೋಡ್ ಹಾಕಿ ಘಾಟ್ ಹತ್ತಸಕೋತ ಇದ್ರ ಕಾವಿಗೆ ಸ್ವಲ್ಪ ತಾನ ಸುಟ್ಟು ಹೋಗ್ತೈತಿ.

ಗಬ್ಬೂರ ಬೈಪಾಸ್
ನಿಮ್ಮದು ಹತ್ತು ದಿನ, ನಂದು ಎರಡು ವರ್ಷ. ಮಳಿಗಾಲ ಮುಗೀಲಿ, ಆಮ್ಯಾಲ ಮಾತಾಡೂಣು.

ಗೋಕುಲರೋಡ್ ಅಕ್ಕ
ನಾನೂ ಇಲ್ಲೇ ಇರುತ್ತೇನೆ ಗಬ್ಬೂರಣ್ಣ. ಮಳೆಗಾಲ ಮುಗಿದ ಮೇಲೆ ನೆನಪು ಮಾಡುತ್ತೇನೆ.

ಹಳೇ 1613
ಆ ಚುರುಕು ಹುಡುಗಗ ಈಗ ಏನ್ ಹೇಳೀಪಾ? ಬೈಬ್ಯಾಡ ಮತ್ತ, ಕಲಿಸಿದಾಂವ ನೀನ.

ಹತ್ತುಗಾಲಿ ಹುಬ್ಬಳ್ಳಿ
ಬೈದಿಲ್ರಿ ಕಾಕಾ. ಇನ್ನೂರು ಎಣಿಸಿ ಸ್ವಿಚ್ ತೆಗಿ ಅಂದೇನಿ. ಈಗ ಎಪಿಎಂಸಿ ಗೇಟಿನ್ಯಾಗ ನಿಂತೇವಿ, ಅಂವ ಟ್ಯಾಂಕಿಗೆ ಕಿವಿ ಹಚ್ಚಿ ಜೋರಲೆ ಎಣಸಾಕತ್ತಾನ, ಹಮಾಲ್ರು ಸುತ್ತ ನಿಂತು ನಗಾಕತ್ತಾರ. ನೂರಾ ನಲವತ್ತು ಆಗೇತಿ. ಇನ್ನ ಅರವತ್ತು ಆದ ಕೂಡ್ಲೆ ಊಟಕ್ಕ ಹೋಗ್ತೇವಿ.